ಇನ್ನೂರು ರೂಪಾಯಿ ನೊರೆ

ಇವತ್ತಿನ ವಿಷಯ ಮನೇಲಿ ಕ್ಯಾಪುಚಿನೊ ಮಾಡೋದು. ಆದ್ರೆ ದುಡ್ಡಿಂದಲೇ ಶುರು ಮಾಡ್ತೀನಿ. ಬಿ.ಕಾಂ. ಓದಿದವಳು, ಬೇರೆ ಕಡೆಯಿಂದ ಶುರು ಮಾಡೋಕೆ ಬರಲ್ಲ.

ಹೋದ ವರ್ಷ ಕೆಲಸ ಬಿಟ್ಟು ಪೂರ್ತಿ ಪಾಡ್‌ಕಾಸ್ಟಿಗೆ ಇಳಿದೆ. ಮನೇಲಿ ಸ್ಕ್ರಿಪ್ಟ್ ಬರೆಯೋಕಾಗಲ್ಲ ಅಂತ ದಿನಾ ಒಂದು ಕೆಫೆಗೆ ಹೋಗ್ತಿದ್ದೆ. ಒಂದು ಕ್ಯಾಪುಚಿನೊ, ಮೂರು ಗಂಟೆ ವೈಫೈ. ತಿಂಗಳ ಕೊನೇಲಿ ಯುಪಿಐ ಹಿಸ್ಟರಿ ತೆಗೆದು ಕೂಡಿಸಿದೆ. 220 ರೂಪಾಯಿ, 22 ದಿನ, ಒಟ್ಟು 4,840. ಆ ತಿಂಗಳು ಪಾಡ್‌ಕಾಸ್ಟಿಂದ ಬಂದಿದ್ದು ಅದಕ್ಕಿಂತ ಕಮ್ಮಿ. ಕಾಫಿ ಕುಡಿಯೋಕೋಸ್ಕರ ಕೆಲಸ ಮಾಡ್ತಿದ್ದೆ, ಅದೂ ನಷ್ಟದಲ್ಲಿ.

ಆಮೇಲೆ ಬುದ್ಧಿವಂತಿಕೆ ತೋರಿಸಿ 9,000 ರೂಪಾಯಿದೊಂದು ಮಷೀನ್ ಇಎಂಐಯಲ್ಲಿ ತಗೊಂಡೆ. ಎರಡು ತಿಂಗಳಲ್ಲಿ ದುಡ್ಡು ವಾಪಸ್ ಅಂತ ಎಕ್ಸೆಲ್ ಶೀಟ್ ಬೇರೆ. ಅದರ ಹಬೆ ಕೊಳವೆ ಹಾಲಿಗೆ ನೊರೆ ತರೋದಕ್ಕಿಂತ ನೀರು ಸೇರಿಸಿದ್ದೇ ಜಾಸ್ತಿ. ನನಗೂ ಬಳಸೋಕೆ ಸರಿಯಾಗಿ ಬರ್ತಿರಲಿಲ್ಲ, ಅದನ್ನೂ ಹೇಳ್ಬೇಕು. ಈಗ ಅದು ಅಟ್ಟದ ಮೇಲೆ ಹಳೇ ಮಿಕ್ಸಿ ಪಕ್ಕ ಕೂತಿದೆ. ಸಂಕ್ ಕಾಸ್ಟ್ ಅಂತ ಕಾಲೇಜಲ್ಲಿ ಓದಿದ್ದೆ, ಅರ್ಥ ಆಗಿದ್ದು ಅವತ್ತು.

ಆಮೇಲೆ ಒಂದಿನ ಅಮ್ಮನ್ನ ಅದೇ ಕೆಫೆಗೆ ಕರ್ಕೊಂಡು ಹೋದೆ. ಅಮ್ಮ ಕಪ್ಪನ್ನೇ ನೋಡಿ, ಬಿಲ್ ನೋಡಿ, ಮೆಲ್ಲಗೆ ಕೇಳಿದ್ರು: "ಇದು ನಾವು ಲೋಟದಿಂದ ಲೋಟಕ್ಕೆ ಎತ್ತಿ ಹುಯ್ಯೋ ನೊರೆನೇ ಅಲ್ವೇನೇ?" ನಾನು ನಕ್ಕೆ. ಮನೆಗೆ ಬಂದು ಓದಿದ್ಮೇಲೆ ಗೊತ್ತಾಯ್ತು, ಅಮ್ಮ ಹೇಳಿದ್ದು ಮುಕ್ಕಾಲು ಪಾಲು ಸರಿ.

ಕ್ಯಾಪುಚಿನೊ ಅಂದ್ರೆ ಒಂದು ಎಸ್ಪ್ರೆಸೊ, ಬಿಸಿ ಹಾಲು, ಮೇಲೆ ನೊರೆ. ಎಲ್ಲಾ ಸೇರಿ 150ರಿಂದ 180 ಎಂಎಲ್ ಕಪ್. ಇಟಲಿಯ ಕಪುಚಿನ್ ಸನ್ಯಾಸಿಗಳ ಕಂದು ನಿಲುವಂಗಿ ಬಣ್ಣದಿಂದ ಆ ಹೆಸರು ಬಂತು. ನೊರೆ ಕಟ್ಟೋದು ಹಾಲಿನ ಪ್ರೋಟೀನು. ಗಾಳಿ ಒಳಗೆ ಹೋದಾಗ ಪ್ರೋಟೀನು ಪ್ರತಿ ಗುಳ್ಳೆ ಸುತ್ತ ಒಂದು ಪದರ ಕಟ್ಟುತ್ತೆ. ಎತ್ತಿ ಹುಯ್ದಾಗಲೂ ಅದೇ ನಡೆಯೋದು, ಆದ್ರೆ ಗುಳ್ಳೆ ದೊಡ್ಡದು, ಬೇಗ ಒಡೆಯುತ್ತೆ. ಕೆಫೆಯಲ್ಲಿ ಗುಳ್ಳೆ ಕಣ್ಣಿಗೆ ಕಾಣದಷ್ಟು ಸಣ್ಣದು, ಅದಕ್ಕೇ ಬಾಯಲ್ಲಿ ಬೆಣ್ಣೆ ಥರ ಇರುತ್ತೆ. ನಾವು 220 ಕೊಡ್ತಿದ್ದಿದ್ದು ಆ ಸಣ್ಣ ಗುಳ್ಳೆಗೆ. ಸರಿ, ಎಸಿ, ವೈಫೈಗೂ.

ಮೊದಲು ಕಾಫಿ. ನಾನು ಬಳಸೋದು ಮೋಕಾ ಪಾಟ್, ಇಟಲಿಯ ಅಲ್ಫೊನ್ಸೊ ಬಿಯಾಲೆಟ್ಟಿ 1933ರಲ್ಲಿ ತಂದಿದ್ದು. ನನ್ನದು ಬೇರೆ ಕಂಪನಿದು, 1,100 ರೂಪಾಯಿ. ಎಸ್ಪ್ರೆಸೊ ಮಷೀನು 9 ಬಾರ್ ಒತ್ತಡ ಕೊಟ್ರೆ ಇದು ಕೊಡೋದು ಒಂದೆರಡು ಬಾರ್. ಹಾಗಾಗಿ ಇದು ನಿಜವಾದ ಎಸ್ಪ್ರೆಸೊ ಅಲ್ಲ, ಆದ್ರೆ ಹಾಲಿಗೆ ಸಾಕಾಗುವಷ್ಟು ಗಟ್ಟಿ. ಕೆಳಗಿನ ಭಾಗಕ್ಕೆ ಬಿಸಿ ನೀರನ್ನೇ ಹಾಕಿ, ವಾಲ್ವ್‌ಗಿಂತ ಕೆಳಗೆ ನಿಲ್ಲಿಸಿ. ಪುಡಿ ತುಂಬಿ ಸಮ ಮಾಡಿ, ಒತ್ತಬೇಡಿ. ಸಣ್ಣ ಉರಿ. ಬುಸ್ ಅಂತ ಸದ್ದು ಬಂದ ತಕ್ಷಣ ಇಳಿಸಿ, ಇಲ್ಲಾಂದ್ರೆ ಕಹಿ ಇಳಿಯುತ್ತೆ. ಮೂರು ಕಪ್ ಅಂತ ಮಾರೋ ಪಾಟಲ್ಲಿ ಎರಡು ಕ್ಯಾಪುಚಿನೊ ಆಗುತ್ತೆ. ಪಾಟ್ ಚಿಕ್ಕದು, ನಮ್ಮ ಗ್ಯಾಸ್ ಸ್ಟೋವ್ ಕಾಲುಗಳ ಮಧ್ಯೆ ವಾಲುತ್ತೆ, ಮೇಲೆ ಒಂದು ಜಾಲರಿ ಇಡಿ. ಅಲ್ಯೂಮಿನಿಯಂ ಪಾಟ್ ಇಂಡಕ್ಷನ್ ಮೇಲೆ ಬಿಸಿನೇ ಆಗಲ್ಲ. ಪಿಜಿಯಲ್ಲಿರೋರು ಸ್ಟೀಲ್‌ದು, ಇಂಡಕ್ಷನ್‌ಗೆ ಆಗುತ್ತೆ ಅಂತ ಬರೆದಿರೋದು ನೋಡಿ ತಗೊಳ್ಳಿ.

ಪಾಟ್ ಬೇಡ ಅಂದ್ರೆ ಮನೆಯ ಫಿಲ್ಟರ್ ಇದೆಯಲ್ಲ! ಮೊದಲ ಡಿಕಾಕ್ಷನ್ ಮಾತ್ರ, 50 ಎಂಎಲ್. ಪುಡಿ ಪ್ಯಾಕೆಟ್ ಮೇಲೆ ಚಿಕೋರಿ ಎಷ್ಟು ಪರ್ಸೆಂಟ್ ಅಂತ ಬರೆದಿರುತ್ತೆ, ಓದಿ. ಚಿಕೋರಿ ಡಿಕಾಕ್ಷನ್ನಿಗೆ ಬಣ್ಣ, ಗಟ್ಟಿತನ ಕೊಡುತ್ತೆ, ಆದ್ರೆ ಕ್ಯಾಪುಚಿನೊಲಿ ಅದರ ರುಚಿನೇ ಮುಂದೆ ಬಂದು ನಿಲ್ಲುತ್ತೆ. ಚಿಕೋರಿ ಇಲ್ಲದ ಪುಡಿ ಕೇಳಿ ತಗೊಳ್ಳಿ. ಡಿಕಾಕ್ಷನ್ ಆರಿದ್ರೆ ಕುದಿಸಬೇಡಿ, ಲೋಟವನ್ನ ಬಿಸಿ ನೀರಲ್ಲಿ ಇಡಿ.

ಈಗ ಹಾಲು. ನಾನು ಎಡವಿದ್ದೆಲ್ಲಾ ಇಲ್ಲೇ. ನಮಗೆ ಹಾಲು ಅಂದ್ರೆ ಉಕ್ಕಬೇಕು. ಗೃಹಪ್ರವೇಶಕ್ಕೂ ಉಕ್ಕಿಸ್ತೀವಿ, ಕಾಫಿಗೂ ಕುದಿಸ್ತೀವಿ. ಕ್ಯಾಪುಚಿನೊಗೆ ಕುದಿ ಬಂದ್ರೆ ಕೆಟ್ಟಿತು. 60ರಿಂದ 65 ಡಿಗ್ರಿ, ಅಷ್ಟೇ. ಆ ಬಿಸಿಯಲ್ಲಿ ಹಾಲು ಸಿಹಿ ಅನಿಸುತ್ತೆ. 70 ದಾಟಿದ್ರೆ ಕಾದ ಹಾಲಿನ ವಾಸನೆ ಬರುತ್ತೆ, ನೊರೆಯೂ ಒರಟಾಗುತ್ತೆ. ಥರ್ಮಾಮೀಟರ್ ಬೇಕಿಲ್ಲ. ಅಂಚಲ್ಲಿ ಸಣ್ಣ ಗುಳ್ಳೆ ಬಂದು, ಸ್ಟೀಲ್ ಪಾತ್ರೆ ಹೊರಗೆ ಬೆರಳಿಟ್ರೆ ತಕ್ಷಣ ತೆಗೀಬೇಕು ಅನಿಸಿದಾಗ ಇಳಿಸಿ.

ನಾನು ನಂದಿನಿ ನೀಲಿ ಪ್ಯಾಕೆಟ್ ಬಳಸ್ತೀನಿ, ಟೋನ್ಡ್ ಹಾಲು, 3 ಪರ್ಸೆಂಟ್ ಕೊಬ್ಬು. ಚೆನ್ನಾಗೇ ನೊರೆ ಬರುತ್ತೆ. ಬೆಳಿಗ್ಗೆ ಕಾಯಿಸಿಟ್ಟ ಹಾಲಾದ್ರೆ ಕೆನೆ ಸೋಸಿ. ಒಂದು ಕಪ್ಪಿಗೆ 120 ಎಂಎಲ್, ಫ್ರಿಜ್ಜಿಂದ ನೇರ. ಬಿಸಿ ಮಾಡಿ ಇಳಿಸಿದ ಮೇಲೆ ಬ್ಯಾಟರಿ ಹಾಕೋ ಕೈ ಫ್ರಾದರ್, ನನಗೆ 250 ರೂಪಾಯಿ ಬಿತ್ತು. ಮೊದಲು ಅದರ ತಲೆ ಹಾಲಿನ ಮೇಲ್ಮೈಯಲ್ಲೇ ಇರಲಿ, ಹತ್ತು ಸೆಕೆಂಡ್, ಗಾಳಿ ಒಳಗೆ ಹೋಗಲಿ. ಆಮೇಲೆ ಆಳಕ್ಕೆ ಇಳಿಸಿ ಇನ್ನೊಂದು ಇಪ್ಪತ್ತು ಸೆಕೆಂಡ್ ಸುಳಿ ತಿರುಗಿಸಿ, ದೊಡ್ಡ ಗುಳ್ಳೆ ಒಡೆದು ಸಣ್ಣದಾಗುತ್ತೆ. ಪಾತ್ರೆನ ಕಟ್ಟೆ ಮೇಲೆ ಎರಡು ಸಲ ತಟ್ಟಿ, ಅಲ್ಲಾಡಿಸಿ. ಹಸಿ ಪೇಂಟ್ ಥರ ಹೊಳೀಬೇಕು. ಹೊಳೆದ ಕೂಡ್ಲೇ ಕಾಫಿ ಮೇಲೆ ಹುಯ್ಯಿ. ಫೋಟೋ ತೆಗೆಯೋಕೆ ಅಂತ ನಿಂತ್ರೆ ನೊರೆ ಬೇರೆ, ಹಾಲು ಬೇರೆ ಆಗುತ್ತೆ. ನನ್ನ ಮೊದಲ ಹದಿನೈದು ಕಪ್ ಹಾಗೇ ಹೋಯ್ತು.

ಫ್ಲೇವರ್ ವಿಷಯ ಚಿಕ್ಕದು. ಹಾಕೋದನ್ನ ಕಾಫಿಗೆ ಹಾಕಿ, ನೊರೆ ಹಾಲಿಗಲ್ಲ. ಕೋಕೋ ಪುಡಿ ಒಂದು ಚಮಚ, ಸಕ್ಕರೆ ಒಂದು ಚಮಚ, ಬಿಸಿ ಕಾಫಿಯಲ್ಲಿ ಗಂಟಿಲ್ಲದ ಹಾಗೆ ಕಲಸಿದ್ರೆ ಮೋಕಾ. ಚಕ್ಕೆ ಪುಡಿ ಕರಗಲ್ಲ, ಗಂಟಲಿಗೆ ಸಿಗುತ್ತೆ. ಅದಕ್ಕೆ ಸಮ ಸಕ್ಕರೆ, ಸಮ ನೀರಲ್ಲಿ ಒಂದು ಚಕ್ಕೆ ತುಂಡು ಕುದಿಸಿ ಸೋಸಿ ಫ್ರಿಜ್ಜಲ್ಲಿಡಿ. ಏಲಕ್ಕಿಗೂ ಅದೇ ದಾರಿ. ಕ್ಯಾರಮೆಲ್ ಬೇಕಾ? ಸಕ್ಕರೆನ ಕಂದು ಬಣ್ಣಕ್ಕೆ ಕರಗಿಸಿ ಬಿಸಿ ನೀರು ಸ್ವಲ್ಪ ಸ್ವಲ್ಪ ಹಾಕಿ, ಸಿಡಿಯುತ್ತೆ, ಮುಖ ದೂರ ಇರಲಿ. ಬೆಲ್ಲನೂ ಪ್ರಯತ್ನ ಮಾಡಿದೆ, ಎರಡು ಸಲ ಹಾಲು ಒಡೀತು, ಬಿಟ್ಟೆ. ಹೇಝಲ್‌ನಟ್ ಸಿರಪ್ ಬಾಟಲಿ ಬೆಲೆ ನೋಡಿ ಅಂಗಡಿಯಲ್ಲೇ ವಾಪಸ್ ಇಟ್ಟೆ.

ಲೆಕ್ಕ ಹೇಳ್ತೀನಿ. ಹಾಲು, ಪುಡಿ, ಸಕ್ಕರೆ, ಗ್ಯಾಸ್ ಎಲ್ಲಾ ಸೇರಿ ನನಗೆ ಕಪ್ಪಿಗೆ 20 ರೂಪಾಯಿ ದಾಟಲ್ಲ. ಪಾಟ್, ಫ್ರಾದರ್ ಎರಡೂ 1,350 ಆಯ್ತು, ಅದು ಏಳು ದಿನದ ಕೆಫೆ ಉಳಿತಾಯ. ಮಷೀನಿನ ಇಎಂಐ ಇನ್ನೂ ಮೂರು ತಿಂಗಳಿದೆ, ಅದನ್ನ ಈ ಲೆಕ್ಕಕ್ಕೆ ಸೇರಿಸಿಲ್ಲ, ಸೇರಿಸಿದ್ರೆ ನಿದ್ದೆ ಬರಲ್ಲ.

ಹೋದ ಭಾನುವಾರ ಅಮ್ಮಂಗೆ ಏಲಕ್ಕಿದು ಮಾಡಿಕೊಟ್ಟೆ. ಪೂರ್ತಿ ಕುಡಿದು, ತಳದ ನೊರೆನ ಚಮಚದಲ್ಲಿ ತೆಗೆದು ತಿಂದ್ರು. ಆಮೇಲೆ, "ಚೆನ್ನಾಗಿದೆ ಕಣೇ. ಈಗ ಎದ್ದು ಒಂದು ಕಾಫಿ ಮಾಡು" ಅಂದ್ರು.

ಮಾಡಿದೆ, ಡಿಕಾಕ್ಷನ್ ಹಾಕಿ, ಹಾಲು ಕುದಿಸಿ. ಮುಂದಿನ ವಾರ ಸಿಗೋಣ.