ಕ್ಷಮಿಸುವ ಹಕ್ಕು ಯಾರದು?



ದೆವ್ವ, ಪಿಶಾಚಿ, ಮಾಟ-ಮಂತ್ರಗಳ ಧಾರಾವಾಹಿಗಳನ್ನು ಗಂಭೀರ ಚರ್ಚೆಗೆ ಎತ್ತಿಕೊಳ್ಳುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಹೊತ್ತು ಕಳೆಯುವ ಸರಕು ಎಂದು ಅವನ್ನು ಪಕ್ಕಕ್ಕೆ ಸರಿಸುವವರೇ ಹೆಚ್ಚು. ಆದರೆ ಪಾಪ, ಪಶ್ಚಾತ್ತಾಪ, ಪ್ರಾಯಶ್ಚಿತ್ತಗಳ ಪ್ರಶ್ನೆಯನ್ನು ಅಮೆರಿಕದ ಕಿರುತೆರೆಯಲ್ಲಿ ಇಂಥ ಕೆಲವು ಕಥೆಗಳು ಬಹಳ ನೇರವಾಗಿ ಕೇಳಿವೆ. ಕಾರಣ ಸರಳ. ನೂರಾರು ವರ್ಷ ಬದುಕುವ ರಕ್ತಪಿಶಾಚಿಗೆ ತಾನು ಮಾಡಿದ್ದನ್ನು ನೆನೆದು ಕೊರಗಲು ಮನುಷ್ಯರಿಗಿಲ್ಲದಷ್ಟು ಕಾಲಾವಕಾಶವಿದೆ. ಅವನ ಕೊಲೆಗಳ ಲೆಕ್ಕವೂ ಅಷ್ಟೇ ದೊಡ್ಡದು. ಇಂಥವನು ಒಂದು ದಿನ ಒಳ್ಳೆಯವನಾದರೆ ಕ್ಷಮೆಗೆ ಅರ್ಹನೇ? ಈ ಕಥೆಗಳ ಪ್ರೇಕ್ಷಕರು ಮತ್ತೆ ಮತ್ತೆ ವಾದಿಸುವ ಪ್ರಶ್ನೆ ಇದು. ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಕ್ಷಮಿಸಬೇಕಾದವರು ಯಾರು?

ಮೂಲದಿಂದಲೇ ಆರಂಭಿಸೋಣ. ಬ್ರಾಮ್ ಸ್ಟೋಕರ್ ಬರೆದ ‘ಡ್ರಾಕುಲಾ’ ಕಾದಂಬರಿ ಪ್ರಕಟವಾದದ್ದು 1897ರಲ್ಲಿ. ಅದು ಪೂರ್ತಿಯಾಗಿ ದಿನಚರಿ, ಪತ್ರ, ತಂತಿ ಸಂದೇಶ, ಪತ್ರಿಕಾ ವರದಿಗಳ ರೂಪದಲ್ಲಿದೆ. ಬರೆಯುವವರು ಡ್ರಾಕುಲನಿಂದ ನೊಂದವರು ಮತ್ತು ಅವನನ್ನು ಬೆನ್ನಟ್ಟಿದವರು. ಡ್ರಾಕುಲನಿಗೆ ತನ್ನದೇ ಆದ ದಿನಚರಿ ಇಲ್ಲ. ಹೀಗಿದ್ದೂ ಆ ಕಾದಂಬರಿಯಲ್ಲಿ ಅವನ ಬಗ್ಗೆ ಮರುಕ ತೋರಿಸುವವಳು ಒಬ್ಬಳಿದ್ದಾಳೆ. ಅವಳು ಅವನ ಹಲ್ಲಿಗೆ ತುತ್ತಾದ ಮೀನಾ ಹಾರ್ಕರ್. ಈ ಅಂಶವನ್ನು ನೆನಪಿನಲ್ಲಿಡಿ. ಮರುಕ ನೊಂದವಳ ಬಾಯಿಂದಲೇ ಬರುತ್ತದೆ. ಹಾಗೆಂದು ಅವಳು ಬೇಟೆಯನ್ನು ನಿಲ್ಲಿಸಿ ಎನ್ನುವುದಿಲ್ಲ.

ಕಿರುತೆರೆ ಈ ಏರ್ಪಾಟನ್ನು ತಲೆಕೆಳಗು ಮಾಡಿತು. 1966ರಿಂದ 1971ರವರೆಗೆ ಅಮೆರಿಕದ ಎ.ಬಿ.ಸಿ. ವಾಹಿನಿಯಲ್ಲಿ ‘ಡಾರ್ಕ್ ಶ್ಯಾಡೋಸ್’ ಎಂಬ ಹಗಲು ಹೊತ್ತಿನ ದೈನಿಕ ಧಾರಾವಾಹಿ ಪ್ರಸಾರವಾಯಿತು. ಆರಂಭದಲ್ಲಿ ಅದಕ್ಕೆ ಹೇಳಿಕೊಳ್ಳುವಂಥ ಪ್ರೇಕ್ಷಕರಿರಲಿಲ್ಲ. 1967ರಲ್ಲಿ ಬಾರ್ನಬಸ್ ಕಾಲಿನ್ಸ್ ಎಂಬ ರಕ್ತಪಿಶಾಚಿಯನ್ನು ಕಥೆಗೆ ತಂದರು. ಕೆಲವು ವಾರ ಹೆದರಿಸಿ ಸಾಯಬೇಕಿದ್ದ ಪಾತ್ರವದು. ಜನ ಮೆಚ್ಚಿಬಿಟ್ಟರು. ನಾಳೆಯೂ ನಾಡಿದ್ದೂ ತೆರೆಯ ಮೇಲೆ ಬೇಕಾದವನನ್ನು ಕೊಲ್ಲುವಂತಿಲ್ಲ, ಬರೀ ರಾಕ್ಷಸನಾಗಿ ಇಡುವಂತೆಯೂ ಇಲ್ಲ. ಹಾಗಾಗಿ ಅವನಿಗೊಂದು ದುಃಖದ ಹಿನ್ನೆಲೆ ಹುಟ್ಟಿತು. ಕಥೆ 1795ಕ್ಕೆ ಹಿಂದೆ ಸರಿದು, ಮಾಟಗಾತಿಯೊಬ್ಬಳ ಶಾಪದಿಂದ ಅವನು ಪಿಶಾಚಿಯಾದ ಎಂದು ತೋರಿಸಿತು.

ಇದರ ನಡುವೆ ನಡೆದ ಒಂದು ಸಂಗತಿ ಗಮನಾರ್ಹ. ಬಾರ್ನಬಸ್ ಬಂದ ಹೊಸದರಲ್ಲಿ ಮ್ಯಾಗಿ ಎಂಬ ತರುಣಿಯನ್ನು ಅಪಹರಿಸಿ, ಕೂಡಿಹಾಕಿ ಹಿಂಸಿಸಿದ್ದ. ಅವಳು ಹೇಗೋ ತಪ್ಪಿಸಿಕೊಂಡಳು. ಮುಂದೆ ವೈದ್ಯೆಯೊಬ್ಬಳು ಸಮ್ಮೋಹನ ವಿದ್ಯೆಯಿಂದ ಅವಳ ಆ ನೆನಪನ್ನೇ ಅಳಿಸಿಹಾಕುತ್ತಾಳೆ. ಆಮೇಲೆ ಮ್ಯಾಗಿ ಅದೇ ಬಾರ್ನಬಸ್‌ನ ಜೊತೆ ನಗುನಗುತ್ತಾ ಮಾತನಾಡುತ್ತಾಳೆ. ಕಥೆಯ ಅನುಕೂಲಕ್ಕೆ ಮಾಡಿಕೊಂಡ ಉಪಾಯವಿದು. ಆದರೂ ಇದರಲ್ಲಿ ಒಂದು ಸತ್ಯ ಹೊರಬಿದ್ದಿದೆ. ಪ್ರೇಕ್ಷಕರು ಅವನನ್ನು ನಿಶ್ಚಿಂತೆಯಿಂದ ಪ್ರೀತಿಸಬೇಕಾದರೆ ನೊಂದವಳ ನೆನಪು ಇಲ್ಲವಾಗಬೇಕಿತ್ತು.

ಮೂವತ್ತು ವರ್ಷಗಳ ಬಳಿಕ ಬಂದ ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ ಇದೇ ಪ್ರಶ್ನೆಯನ್ನು ಹೆಚ್ಚು ಎಚ್ಚರದಿಂದ ಎತ್ತಿಕೊಂಡಿತು. 1997ರಿಂದ 2003ರವರೆಗೆ 144 ಕಂತುಗಳಲ್ಲಿ ಪ್ರಸಾರವಾದ ಈ ಧಾರಾವಾಹಿಯ ನಾಯಕಿ ಬಫಿ, ಪಿಶಾಚಿಗಳನ್ನು ಕೊಲ್ಲಲೆಂದೇ ಆಯ್ಕೆಯಾದ ಹುಡುಗಿ. ಅವಳು ಪ್ರೀತಿಸುವುದು ಏಂಜಲ್ ಎಂಬ ಪಿಶಾಚಿಯನ್ನು. ಒಂದೂವರೆ ಶತಮಾನ ಕೊಲೆ ಮಾಡುತ್ತಾ ಬಂದ ಅವನಿಗೆ, 1898ರಲ್ಲಿ ಒಂದು ರೋಮಾ ಕುಲದವರು ತಮ್ಮ ಹುಡುಗಿಯನ್ನು ಕೊಂದದ್ದಕ್ಕಾಗಿ ಶಾಪ ಕೊಡುತ್ತಾರೆ. ಕಳೆದುಹೋದ ಆತ್ಮವನ್ನು ಮರಳಿ ಕೊಡುವುದೇ ಆ ಶಾಪ! ಇಲ್ಲಿ ಆತ್ಮ ಎಂದರೆ ನಾವು ಹೇಳುವ ಅಳಿವಿಲ್ಲದ ಆತ್ಮವಲ್ಲ. ಅಂತಃಸಾಕ್ಷಿ ಎಂದರೆ ಅರ್ಥ ಹತ್ತಿರವಾದೀತು. ಅದು ಬಂದ ಕ್ಷಣದಿಂದ ಅವನು ಮಾಡಿದ್ದನ್ನೆಲ್ಲ ನೆನೆದು ಬೇಯುತ್ತಾನೆ. ಒಂದು ಗಳಿಗೆ ಪೂರ್ಣ ಸುಖ ಕಂಡರೆ ಮತ್ತೆ ಅದನ್ನು ಕಳೆದುಕೊಳ್ಳುತ್ತಾನೆ. 1998ರ ಆರಂಭದ ಕಂತುಗಳಲ್ಲಿ ಹಾಗೆಯೇ ಆಗುತ್ತದೆ. ಆಗ ಅವನು ಕೊಲ್ಲುವವರಲ್ಲಿ ಜೆನಿ ಕ್ಯಾಲೆಂಡರ್ ಎಂಬ ಶಿಕ್ಷಕಿಯೂ ಒಬ್ಬಳು. ಅವನ ಆತ್ಮವನ್ನು ಮರಳಿಸುವ ಮಂತ್ರವನ್ನು ಅವಳೇ ಹುಡುಕಿ ತೆಗೆದಿದ್ದಳು. ಬಫಿಯ ಗುರು ಜೈಲ್ಸ್ ಆ ಶಿಕ್ಷಕಿಯನ್ನು ಪ್ರೀತಿಸುತ್ತಿದ್ದ.

ಅಭಿಮಾನಿಗಳು ಇಲ್ಲೊಂದು ವಾದ ಹೂಡುತ್ತಾರೆ. ಆತ್ಮವಿಲ್ಲದಾಗ ಕೊಂದವನು ಬೇರೆ, ಆತ್ಮವಿರುವವನು ಬೇರೆ. ಆದ್ದರಿಂದ ಏಂಜಲ್ ನಿರ್ದೋಷಿ ಎಂದು. ತರ್ಕಕ್ಕೆ ಇದು ಒಪ್ಪುವ ಮಾತೇ. ಆದರೆ ನಿರ್ದೋಷಿಗೆ ಕ್ಷಮೆಯ ಅಗತ್ಯವೇ ಇಲ್ಲ, ಪ್ರಾಯಶ್ಚಿತ್ತದ ಅಗತ್ಯವೂ ಇಲ್ಲ. ಏಂಜಲ್ ಸ್ವತಃ ಈ ವಾದದ ಮರೆಯಲ್ಲಿ ನಿಲ್ಲುವುದಿಲ್ಲ. ಆ ಕೈ ತನ್ನದೇ ಎಂದು ಒಪ್ಪಿಕೊಂಡೇ ಅವನು ಮುಂದಿನ ದಾರಿ ಹಿಡಿಯುತ್ತಾನೆ. ಅವನಿಗೆ ನಮ್ಮ ಗೌರವ ಸಲ್ಲುವುದಾದರೆ ಅದು ಈ ಕಾರಣಕ್ಕೆ.

ಇದಕ್ಕಿಂತ ತೊಡಕಿನ ಪ್ರಸಂಗ ಸ್ಪೈಕ್‌ನದು. ಅವನೂ ಬಾರ್ನಬಸ್‌ನಂತೆ ಕೆಲವೇ ಕಂತುಗಳಲ್ಲಿ ಸಾಯಬೇಕಿದ್ದು, ಜನಪ್ರಿಯತೆಯಿಂದ ಉಳಿದುಕೊಂಡ ಪಾತ್ರ. 2002ರ ಒಂದು ಕಂತಿನಲ್ಲಿ ಅವನು ಬಫಿಯ ಮೇಲೆ ಅತ್ಯಾಚಾರಕ್ಕೆ ಯತ್ನಿಸುತ್ತಾನೆ. ಆ ಬಳಿಕ ತಾನಾಗಿಯೇ ಆತ್ಮವನ್ನು ಹುಡುಕಿ ಹೋಗಿ, ಘೋರ ಪರೀಕ್ಷೆಗಳನ್ನು ದಾಟಿ ಅದನ್ನು ಪಡೆಯುತ್ತಾನೆ. ಮರುವರ್ಷ ಅವನೆದುರು ನಿಲ್ಲುವವನು ರಾಬಿನ್ ವುಡ್ ಎಂಬ ಶಾಲಾ ಮುಖ್ಯೋಪಾಧ್ಯಾಯ. 1977ರಲ್ಲಿ ನ್ಯೂಯಾರ್ಕ್‌ನ ರೈಲಿನಲ್ಲಿ ಸ್ಪೈಕ್ ಕೊಂದದ್ದು ಇವನ ತಾಯಿಯನ್ನು. ಆಗ ಇವನು ಪುಟ್ಟ ಬಾಲಕ. ಸೇಡಿನ ಹೊಡೆದಾಟದಲ್ಲಿ ಸ್ಪೈಕ್ ಗೆಲ್ಲುತ್ತಾನೆ; ವುಡ್‌ನ ಪ್ರಾಣ ಉಳಿಸುತ್ತಾನೆ, ಆದರೆ ಕ್ಷಮೆ ಕೇಳುವುದಿಲ್ಲ. ನಿನ್ನ ತಾಯಿಯದು ಪಿಶಾಚಿ ಕೊಲ್ಲುವ ಕೆಲಸ, ನಾನು ಪಿಶಾಚಿ, ಆಟದ ನಿಯಮವೇ ಹಾಗೆ ಎಂಬುದು ಅವನ ಧೋರಣೆ. ಬಫಿ ಕೂಡ ವುಡ್‌ನನ್ನೇ ಎಚ್ಚರಿಸುತ್ತಾಳೆ. ಧಾರಾವಾಹಿಯ ಕೊನೆಯಲ್ಲಿ ಸ್ಪೈಕ್ ಊರು-ಲೋಕ ಉಳಿಸಲು ಉರಿದು ಬೂದಿಯಾದಾಗ ನಾವು ಕಣ್ಣೊರೆಸಿಕೊಳ್ಳುತ್ತೇವೆ. ತಾಯಿಯಿಲ್ಲದೆ ಬೆಳೆದ ಹುಡುಗನ ಲೆಕ್ಕ ಮಾತ್ರ ಹಾಗೆಯೇ ಉಳಿಯುತ್ತದೆ. ವರ್ಷಗಟ್ಟಲೆ ತೆರೆಯ ಮೇಲಿದ್ದವನ ಮುಖ ನಮಗೆ ಪರಿಚಿತ, ಸತ್ತವಳ ಮುಖ ಕಂಡದ್ದು ಕೆಲವೇ ನಿಮಿಷ. ಪರಿಚಯದಿಂದ ಹುಟ್ಟಿದ ಸಲಿಗೆಯನ್ನು ನಾವು ಕ್ಷಮೆ ಎಂದು ಕರೆದುಕೊಳ್ಳುತ್ತೇವೆ.

ಈ ಜಾಗದಲ್ಲಿ ನಮಗೆ ಅಶ್ವತ್ಥಾಮ ನೆನಪಾಗದೆ ಇರಲಾರ. ನಿದ್ದೆಯಲ್ಲಿದ್ದ ದ್ರೌಪದಿಯ ಐವರು ಮಕ್ಕಳನ್ನು ಕೊಂದ ಅವನಿಗೆ, ಮಹಾಭಾರತದ ಸೌಪ್ತಿಕಪರ್ವದಲ್ಲಿ ಮೂರು ಸಾವಿರ ವರ್ಷ ಒಂಟಿಯಾಗಿ ಅಲೆಯುವ ಶಾಪ ಸಿಗುತ್ತದೆ. ಭಾಗವತದಲ್ಲಿ ಅವನನ್ನು ಕಟ್ಟಿ ತಂದಾಗ, ಬಿಟ್ಟುಬಿಡಿ ಎನ್ನುವವಳು ದ್ರೌಪದಿ. ತನ್ನಂತೆ ಅವನ ತಾಯಿಯೂ ಅಳುವುದು ಬೇಡ ಎಂಬುದು ಅವಳ ಕಾರಣ. ಆ ಮಾತನ್ನು ಭೀಮ ಆಡಿದ್ದರೆ ಔದಾರ್ಯವಾಗುತ್ತಿರಲಿಲ್ಲ, ಅನ್ಯಾಯವಾಗುತ್ತಿತ್ತು. ಆಡುವ ಹಕ್ಕಿದ್ದದ್ದು ಅವಳಿಗೆ.

ಇದು ಬರೀ ಕಥೆಯ ಮಾತಲ್ಲ. ಮನೆಯೊಳಗೆ ಏಟು ತಿಂದ ಹೆಂಗಸಿಗೆ, “ಅವನು ಈಗ ಬದಲಾಗಿದ್ದಾನಮ್ಮ, ಮರೆತುಬಿಡು” ಎಂದು ಬುದ್ಧಿ ಹೇಳುವ ಹಿರಿಯರು ಎಲ್ಲ ಊರಿನಲ್ಲೂ ಇದ್ದಾರೆ. ಅವನ ಕಣ್ಣೀರು ಅವರಿಗೆ ಕಂಡಿರುತ್ತದೆ, ಅವಳ ರಾತ್ರಿಗಳು ಕಂಡಿರುವುದಿಲ್ಲ. ಮ್ಯಾಗಿಯ ನೆನಪನ್ನು ಅಳಿಸಿದ ವೈದ್ಯೆಯ ಕೆಲಸವನ್ನೇ ಅವರು ಒಳ್ಳೆಯ ಮನಸ್ಸಿನಿಂದ ಮಾಡುತ್ತಿರುತ್ತಾರೆ.

ಹಾಗಾದರೆ ತಪ್ಪು ಮಾಡಿದವನಿಗೆ ದಾರಿಯೇ ಇಲ್ಲವೇ? ಸತ್ತವರು ಬಂದು ಕ್ಷಮಿಸಲಾರರಲ್ಲ? ಇದು ನ್ಯಾಯವಾದ ಆಕ್ಷೇಪ. ಇದಕ್ಕೆ ಈ ಧಾರಾವಾಹಿಗಳಲ್ಲೇ ಉತ್ತರವಿದೆ. ಬಫಿಯಂತೆಯೇ ಶಕ್ತಿ ಪಡೆದ ಫೇಯ್ತ್ ಎಂಬ ಹುಡುಗಿ 1999ರ ಒಂದು ಕಂತಿನಲ್ಲಿ ಕೈತಪ್ಪಿ ಒಬ್ಬ ಮನುಷ್ಯನನ್ನು ಕೊಲ್ಲುತ್ತಾಳೆ. ಅದನ್ನು ಮುಚ್ಚಿಡಲು ಹೋಗಿ ಪಾತಾಳಕ್ಕಿಳಿಯುತ್ತಾಳೆ. ಬಫಿ ಅವಳನ್ನು ಕ್ಷಮಿಸುವುದಿಲ್ಲ. 2000ದಲ್ಲಿ, ‘ಏಂಜಲ್’ ಧಾರಾವಾಹಿಯಲ್ಲಿ, ಫೇಯ್ತ್ ಯಾರ ಒತ್ತಾಯವೂ ಇಲ್ಲದೆ ಪೊಲೀಸ್ ಠಾಣೆಗೆ ಹೋಗಿ ತಪ್ಪೊಪ್ಪಿಕೊಂಡು ಸೆರೆಮನೆ ಸೇರುತ್ತಾಳೆ. ಕ್ಷಮೆ ಸಿಗುತ್ತದೆಂಬ ಭರವಸೆ ಅವಳಿಗಿರಲಿಲ್ಲ. ಸಿಗದಿದ್ದರೂ ಮಾಡಬೇಕಾದದ್ದನ್ನು ಮಾಡಿದಳು. ಪಶ್ಚಾತ್ತಾಪಕ್ಕೆ ಇದಕ್ಕಿಂತ ನಂಬಲರ್ಹ ಗುರುತು ಬೇರೆ ಇಲ್ಲ.

ಮತ್ತೊಂದು ದೃಶ್ಯ 1998ರ ಡಿಸೆಂಬರ್‌ನ ಕಂತಿನದು. ಮನೆಯವರು ಕರೆಯದೆ ಪಿಶಾಚಿ ಹೊಸಿಲು ದಾಟುವಂತಿಲ್ಲ ಎಂಬುದು ಈ ಕಥೆಗಳ ನಿಯಮ. ಮರಳಿ ಆತ್ಮ ಪಡೆದ ಏಂಜಲ್ ಸಹಾಯ ಬೇಡಿ ಜೈಲ್ಸ್‌ನ ಬಾಗಿಲಿಗೆ ಬರುತ್ತಾನೆ. ಜೆನಿಯ ಹೆಣವನ್ನು ಜೈಲ್ಸ್ ಕಂಡದ್ದು ಅದೇ ಮನೆಯಲ್ಲಿ. ಅವನು ಒಳಗೆ ಹೋಗಿ ಬಿಲ್ಲು ಕೈಗೆತ್ತಿಕೊಂಡು ಬಂದು, ಬಾಣದ ಗುರಿ ಅವನ ಕಡೆಗಿಟ್ಟೇ ಒಳಗೆ ಕರೆಯುತ್ತಾನೆ. ಸಹಾಯ ಮಾಡುತ್ತಾನೆ. ಕ್ಷಮಿಸಿದೆ ಎನ್ನುವುದಿಲ್ಲ. ಅವನು ಹಾಗೆ ಹೇಳಬೇಕೆಂದು ಏಂಜಲ್ ಕೇಳುವುದೂ ಇಲ್ಲ.

ಇಂಥ ಪಾತ್ರಗಳನ್ನು ನಾವು ಪ್ರೀತಿಸೋಣ, ಅರ್ಥ ಮಾಡಿಕೊಳ್ಳೋಣ, ಅವು ಒಳ್ಳೆಯ ದಾರಿಗೆ ಬಂದಾಗ ಸಂತೋಷಪಡೋಣ. ಅಷ್ಟು ಪ್ರೇಕ್ಷಕರ ಹಕ್ಕು. ಯಾರನ್ನು ಒಳಗೆ ಕರೆಯಬೇಕು, ಯಾವಾಗ ಬಿಲ್ಲು ಕೆಳಗಿಡಬೇಕು ಎಂಬುದನ್ನು ಆ ಮನೆಯವರು ತೀರ್ಮಾನಿಸಲಿ.