ಒಬ್ಬ ಸದಸ್ಯನಿಗೆ ಒಂದು ಓಟು



ಹಳ್ಳಿಯಲ್ಲಿ ಇಪ್ಪತ್ತೈದು ವರ್ಷ ಸಂಘ ನಡೆಸುವುದು ಹುಡುಗಾಟದ ಮಾತಲ್ಲ. ಈ ಶುಭ ಸಂದರ್ಭದಲ್ಲಿ ಸಾಲ, ಗೊಬ್ಬರದ ವಿಚಾರ ಬಿಟ್ಟು ಓಟಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಬಳ್ಳಿಗಾವಿಯಿಂದ ಶಿರಾಳಕೊಪ್ಪ ದಾಟಿ ಹಿರೇಕೆರೂರಿನ ಕಡೆ ಹೋದರೆ ಹಿಂದೆ ಸರ್ಕಾರವೇ ಬೇರೆ ಇತ್ತು. ಇತ್ತ ಮೈಸೂರು ಸಂಸ್ಥಾನ, ಅತ್ತ ಬ್ರಿಟಿಷರ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಮಾತು ಒಂದೇ, ನೆಂಟಸ್ತಿಕೆ ಒಂದೇ.

ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲೇ, ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಅಲ್ಲಿ ಅಹವಾಲು ಹೇಳಬಹುದಿತ್ತು, ದಿವಾನರನ್ನು ಇಳಿಸಲು ಬರುತ್ತಿರಲಿಲ್ಲ. ಅತ್ತ 1935ರ ಕಾಯ್ದೆಯಂತೆ 1937ರಲ್ಲಿ ಪ್ರಾಂತೀಯ ಚುನಾವಣೆ ನಡೆಯಿತು. ಮುಂಬಯಿ ವಿಧಾನಸಭೆಯ 175 ಸ್ಥಾನಗಳಲ್ಲಿ ಕಾಂಗ್ರೆಸ್ ಅತಿ ದೊಡ್ಡ ಪಕ್ಷವಾಗಿ, ಜುಲೈ ತಿಂಗಳಲ್ಲಿ ಬಿ.ಜಿ. ಖೇರ್ ಅವರ ಮಂತ್ರಿಮಂಡಲ ಬಂತು. ಸಾಲದಲ್ಲಿ ಮುಳುಗಿದ್ದ ರೈತರ ಪರಿಹಾರಕ್ಕೆ 1939ರ ಕಾಯ್ದೆ ಆಗಿದ್ದು ಇವರ ಕಾಲದಲ್ಲೇ. ಅದೇ ವರ್ಷ, ನಮ್ಮವರನ್ನು ಕೇಳದೆ ಭಾರತವನ್ನು ಯುದ್ಧಕ್ಕೆ ಸೇರಿಸಿದ್ದಕ್ಕಾಗಿ ಅವರು ರಾಜೀನಾಮೆ ಕೊಟ್ಟರು.

ಆದರೆ ಆ ಓಟು ಇದ್ದದ್ದು ಯಾರಿಗೆ? ಕಂದಾಯ ಕಟ್ಟುವವನಿಗೆ, ಆಸ್ತಿವಂತನಿಗೆ, ಓದಿದವನಿಗೆ. ಬಹುಪಾಲು ಕೂಲಿಯವರಿಗೆ, ಬಡ ಹೆಣ್ಣುಮಕ್ಕಳಿಗೆ ಇರಲಿಲ್ಲ. ವಯಸ್ಸಿಗೆ ಬಂದವರೆಲ್ಲ ಓಟು ಹಾಕಲು 1951–52ರ ಮಹಾಚುನಾವಣೆಯವರೆಗೆ ಕಾಯಬೇಕಾಯಿತು.

ಸಹಕಾರ ಸಂಘದ ಹಾದಿ ಬೇರೆ. ಆಗಿನ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಂಘ ಕಟ್ಟಿದರು. ಅಂಥ ಹಳ್ಳಿ ಸಂಘಗಳಲ್ಲಿ ಹಣ ಎಷ್ಟೇ ಹಾಕಿರಲಿ, ಸದಸ್ಯನಿಗೆ ಒಂದೇ ಓಟು. ಸರ್ಕಾರ ಆಸ್ತಿ ನೋಡಿ ಓಟು ಕೊಡುತ್ತಿದ್ದ ಕಾಲ ಅದು!

ದೂರದ ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ ರೈತರ ಸಂಘಟನೆಯೇ 1921ರಲ್ಲಿ ಚುನಾವಣೆ ಗೆದ್ದು ಸರ್ಕಾರ ಮಾಡಿತ್ತು. ಆಮೇಲೆ ಗೋಧಿ ಬೆಲೆ ಕುಸಿದು ರೈತ ಸಾಲಗಾರನಾದ. 1935ರಲ್ಲಿ ಆ ಪಕ್ಷಕ್ಕೆ ಒಂದು ಸ್ಥಾನವೂ ಉಳಿಯಲಿಲ್ಲ. ರೈತರ ಹೆಸರು ಹೇಳಿದರೆ ಸಾಲದು, ಆರಿಸಿದವರಿಗೆ ಉತ್ತರ ಕೊಡಬೇಕು. ಈ ಮಾತು ನಮ್ಮ ನಿರ್ದೇಶಕರಿಗೂ ಸೇರಿತು.

ಇನ್ನು ನಮ್ಮ ವಿಷಯ. ಮಹಾಸಭೆಯಲ್ಲಿ ಲೆಕ್ಕಪತ್ರ ಓದುವಾಗ ಎಷ್ಟು ಜನ ಕೂತಿರ್ತೀವಿ? ಊಟದ ಹೊತ್ತಿಗೆ ಬರೋರೇ ಜಾಸ್ತಿ. ಜಾತಿ ನೋಡಿ, ಕೇರಿ ನೋಡಿ ಓಟು ಹಾಕಿ, ಆಮೇಲೆ ಕಾರ್ಯದರ್ಶಿಯನ್ನು ಬೈದರೆ ಏನು ಬಂತು? ಸುಸ್ತಿದಾರನಾದರೆ ಆ ಓಟೂ ಕೈತಪ್ಪುತ್ತದೆ. ಆದ್ದರಿಂದ ಸಾಲದ ಕಂತು ಕಟ್ಟೋಣ, ಸಭೆಗೆ ಬರೋಣ, ಲೆಕ್ಕ ಕೇಳೋಣ, ಮನೆಯ ಹೆಣ್ಣುಮಕ್ಕಳನ್ನೂ ಸದಸ್ಯರನ್ನಾಗಿ ಮಾಡಿಸೋಣ. ಹಾಗಾದರೆ ಸಂಘ ಸುವರ್ಣ ಮಹೋತ್ಸವವನ್ನೂ ಕಾಣುತ್ತದೆ.