ಕಾಯಕಕ್ಕೆ ಸಲ್ಲತಕ್ಕ ಬೆಲೆ

(ಸಂಕೇಶ್ವರದಲ್ಲಿ ಶ್ರೀಮಠದ ಮಹೋತ್ಸವ ಕಾಲಕ್ಕೆ ಮಾಡಿದ ಉಪನ್ಯಾಸ)





ಕ್ರಿಸ್ತಶಕ 12ನೆಯ ಶತಮಾನದ ಕಲ್ಯಾಣದಲ್ಲಿ ಶಿವಶರಣೆಯರು ಕೇವಲ ಪೂಜಾನಿರತರಾಗಿ ಕುಳಿತವರಲ್ಲ. ಕದಿರ ರೆಮ್ಮವ್ವೆಯು ನೂಲು ತೆಗೆದಳು. ಕೊಟ್ಟಣದ ಸೋಮಮ್ಮನು ಭತ್ತವನ್ನು ಕುಟ್ಟಿದಳು. ಅವರವರ ಕಾಯಕವೇ ಅವರವರ ಹೆಸರಿಗೆ ಭೂಷಣವಾಗಿ ನಿಂತಿರುವುದು. ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿರಲು, ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ತಂದನು. ಸತಿ ಲಕ್ಕಮ್ಮನು ಅದನ್ನು ಕಂಡು, ಹೆಚ್ಚಾದುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ವಿಧಿಸಿದಳು. ಆ ತಾಯಿಯು ದಾನವನ್ನು ಬಯಸಲಿಲ್ಲ. ಕಾಯಕಕ್ಕೆ ಸಲ್ಲತಕ್ಕಷ್ಟೇ ಸಾಕೆಂದಳು. ಸಲ್ಲದುದನ್ನು ಒಲ್ಲೆನೆಂಬ ಧೈರ್ಯವು ಆಕೆಯಲ್ಲಿತ್ತು. ಸಲ್ಲತಕ್ಕುದನ್ನು ತಪ್ಪದೆ ಸಲ್ಲಿಸುವ ಧರ್ಮವು ಇಂದಿನ ಭಕ್ತಸಮುದಾಯದಲ್ಲಿ ಉಂಟೋ ಎಂಬುದೇ ಈ ಹೊತ್ತಿನ ವಿಚಾರವು.

ಹಿರಣ್ಯಕೇಶಿಯ ದಂಡೆಯ ಈ ಊರಿನ ಹೆಸರನ್ನು ಹೊತ್ತ ಸಂಕೇಶ್ವರಿ ಮೆಣಸಿನಕಾಯಿಯು ಮಹಾರಾಷ್ಟ್ರದ ಪೇಟೆಗಳಲ್ಲಿಯೂ ಪ್ರಸಿದ್ಧವಾಗಿದೆ. ನೆರೆಯ ಗೋಕಾವಿಯ ಹೆಸರನ್ನು ಕರದಂಟು ಮೆರೆಸಿದೆ. ಆದರೆ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಮಸಾಲೆ ಖಾರವನ್ನು ಕುಟ್ಟುವ, ರೊಟ್ಟಿ ಬಡಿಯುವ, ಶಾವಿಗೆ ಹೊಸೆಯುವ, ಕೌದಿ ಹೊಲಿಯುವ ಕೈಗಳ ಹೆಸರನ್ನು ಬಲ್ಲವರು ಎಷ್ಟು ಮಂದಿ? ಪದಾರ್ಥಕ್ಕೆ ಊರಿನ ಹೆಸರು, ಅಂಗಡಿಗೆ ಯಜಮಾನನ ಹೆಸರು. ದುಡಿದವಳಿಗೆ ಮಾತ್ರ ಹೆಸರಿಲ್ಲ. ಹೆಸರಿಲ್ಲದಲ್ಲಿ ಖಾತೆಯಿಲ್ಲ, ಖಾತೆಯಿಲ್ಲದಲ್ಲಿ ಸಾಲ ಹುಟ್ಟುವುದಿಲ್ಲ.

ಗಂಡನನ್ನು ಕಳೆದುಕೊಂಡ ಒಬ್ಬ ತಾಯಿಯು ರೊಟ್ಟಿ ಬಡಿದು ಖಾನಾವಳಿಗೂ ಮದುವೆಯ ಮನೆಗೂ ಕೊಡುವಳೆಂದು ಭಾವಿಸಿರಿ. ಜೋಳಕ್ಕೂ ಕಟ್ಟಿಗೆಗೂ ಅವಳು ರೊಕ್ಕವನ್ನು ಮುಂಚಿತವಾಗಿ ಕೊಡಬೇಕು. ಅವಳಿಗೆ ಬರತಕ್ಕದ್ದು ಮಾತ್ರ ಉದ್ರಿ. ತಿಂಗಳೆರಡು ತಿಂಗಳು ಬಾಕಿ ನಿಂತರೆ ಅವಳು ಬಡ್ಡಿಯ ಸಾಲಕ್ಕೆ ಕೈಯೊಡ್ಡುವಳು. ತಿಂಗಳಿಗೆ ನೂರಕ್ಕೆ 3 ರೂಪಾಯಿಯೆಂದರೆ ಅಲ್ಪವಾಗಿ ತೋರುವುದು. ವರ್ಷಕ್ಕೆ ಅದು 36 ಆಗುವುದು. ಹೀಗೆ ಉಂಡವರ ಋಣಕ್ಕೆ ಉಣಿಸಿದವಳು ಬಡ್ಡಿ ತೆರುವಂತಾಗುವುದು. ಇದಕ್ಕಿಂತ ವಿಪರೀತವು ಮತ್ತಾವುದು? ಹಬ್ಬದಲ್ಲಿ ಅವಳಿಗೊಂದು ಸೀರೆಯನ್ನಿತ್ತು ಪುಣ್ಯ ಕಟ್ಟಿಕೊಳ್ಳುವುದಕ್ಕಿಂತ, ಅವಳ ಬಾಕಿಯನ್ನು ಅಂದೇ ತೀರಿಸುವುದು ಹೆಚ್ಚಿನ ಧರ್ಮವು.

ಈ ಮಾತು ಸ್ವಸಮಾಜದ ತಾಯಂದಿರಿಗಷ್ಟೇ ಸಲ್ಲುವುದಲ್ಲ. ಹತ್ತಿಯನ್ನು ಹಿಂಜಿ ಗಾದಿ ಮಾಡುವ ನದಾಫರು, ಹಣ್ಣು ಮಾರುವ ಬಾಗವಾನರು, ಗೋಕಾವಿಯಲ್ಲಿ ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ತುಂಬುವ ಮನೆತನದವರು, ಇವರೆಲ್ಲ ಸಂಖ್ಯೆಯಲ್ಲಿ ಅಲ್ಪರು. ಇವರಿಗೆ ಬಂಡವಾಳವೂ ಅಲ್ಪವು. ಅಂಬಿಗನನ್ನೂ ಸಮಗಾರನನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿದ ಶರಣಪಥದಲ್ಲಿ ನಡೆಯುವವರು ಸರಕನ್ನು ಕೊಳ್ಳುವಾಗ ಮಾಡಿದವರ ಕುಲವನ್ನು ಕೇಳುವುದು ಉಚಿತವಲ್ಲ. ಕಾಯಕವು ಶುದ್ಧವೇ ಎಂದು ಕೇಳಿದರೆ ಸಾಕು.

ಒಬ್ಬೊಬ್ಬರಿಂದ ಆಗದುದು ಕೂಡಿದರೆ ಆದೀತೆಂಬುದಕ್ಕೆ ಈ ನಾಡೇ ಸಾಕ್ಷಿಯು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ರೈತರಿಗಾಗಿ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಇದೇ ಹುಕ್ಕೇರಿ ತಾಲೂಕಿನಲ್ಲಿ 1969ರಲ್ಲಿ ವಿದ್ಯುತ್ ಸಹಕಾರಿ ಸಂಘವು ಸ್ಥಾಪಿತವಾಗಿ ಹಳ್ಳಿಹಳ್ಳಿಗೆ ಬೆಳಕನ್ನು ಮುಟ್ಟಿಸಿತು. ಬೆಳಗಾವಿ ಜಿಲ್ಲೆಯು 1956ರ ವರೆಗೆ ಯಾವ ರಾಜ್ಯದಲ್ಲಿತ್ತೋ ಆ ಮುಂಬಯಿಯಲ್ಲಿ, 1959ರಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಮಾಡತೊಡಗಿದರು. ಅದೇ ಲಿಜ್ಜತ್ ಹಪ್ಪಳದ ಸಂಸ್ಥೆಯು. ದಾನವನ್ನು ಸ್ವೀಕರಿಸಬಾರದೆಂದು ಅವರು ಆರಂಭದಲ್ಲಿಯೇ ನಿಶ್ಚಯಿಸಿದರು. ಲಟ್ಟಿಸಿ ತಂದ ಹಪ್ಪಳಕ್ಕೆ ದಿನದ ಕೂಲಿಯು ದಿನವೇ ಸಲ್ಲುವ ಪದ್ಧತಿಯನ್ನಿಟ್ಟರು. ದುಡಿಯುವ ಪ್ರತಿಯೊಬ್ಬಳೂ ಸಂಸ್ಥೆಯ ಒಡತಿಯೆಂದು ಬಗೆದರು. ಇಂದು ಅದರ ಸದಸ್ಯೆಯರು 40,000ಕ್ಕೂ ಮಿಗಿಲು. ಲಕ್ಕಮ್ಮನ ನಡೆಗೂ ಈ ನಡೆಗೂ ಭೇದವೆಲ್ಲಿ?

ಸರಕಾರವೂ ಸುಮ್ಮನಿರಲಿಲ್ಲ. ಕರ್ನಾಟಕದಲ್ಲಿ 1997-98ರಲ್ಲಿ ಮಹಿಳೆಯರ ಸ್ವಂತ ಉದ್ಯೋಗಕ್ಕಾಗಿ ಉದ್ಯೋಗಿನಿ ಯೋಜನೆಯೂ, 2000-01ರಲ್ಲಿ ಸ್ತ್ರೀಶಕ್ತಿ ಸಂಘಗಳೂ ಆರಂಭವಾದವು. ಆದರೆ ಸಾಲವು ಹೆಂಗಸಿನ ಹೆಸರಿನಲ್ಲಿ ಬಂದು, ಹಣವು ಅನ್ಯರ ಕೈ ಸೇರಿ, ತೀರಿಸುವ ಹೊರೆಯು ಮಾತ್ರ ಅವಳ ಪಾಲಿಗೆ ಉಳಿದರೆ ಯೋಜನೆಯಿಂದ ಫಲವೇನು? ಹೆಸರು, ಹಣ, ನಿರ್ಣಯ ಮೂರೂ ಅವಳವೇ ಆಗಿರತಕ್ಕದ್ದು.

ಶ್ರೀಮಠಗಳ ಭಕ್ತರು ಇದನ್ನು ದಾಸೋಹದ ಅಡಿಗೆಯ ಮನೆಯಿಂದಲೇ ಆರಂಭಿಸಬಹುದು. ಮಹೋತ್ಸವಕ್ಕೆ ಬೇಕಾಗುವ ರೊಟ್ಟಿ, ಖಾರ, ಹಪ್ಪಳ, ಹೂಮಾಲೆ, ಜಮಖಾನೆಗಳನ್ನು ಸಾಧ್ಯವಾದಷ್ಟು ಊರಿನ ತಾಯಂದಿರಿಂದಲೂ ಸಣ್ಣ ಕುಶಲಕರ್ಮಿಗಳಿಂದಲೂ ಕೊಳ್ಳಬೇಕು. ಬೆಲೆಯನ್ನು ಚೌಕಾಶಿಯಿಂದ ಹಿಂಡದೆ ಸರಕು ಮುಟ್ಟಿದ ದಿನವೇ ಸಲ್ಲಿಸಬೇಕು. ಲೆಕ್ಕದ ಪುಸ್ತಕದಲ್ಲಿ ಮಾಡಿದವಳ ಹೆಸರನ್ನೇ ಬರೆಯಬೇಕು. ಓದು ಬಲ್ಲ ತರುಣ ಭಕ್ತರು ಬ್ಯಾಂಕಿನ ಕಾಗದಪತ್ರಗಳನ್ನು ಅವಳಿಗೆ ಓದಿ ತಿಳಿಸಬೇಕು. ಇವಾವುವೂ ದುಸ್ಸಾಧ್ಯವಲ್ಲ.

ರೊಟ್ಟಿ ಬಡಿದವಳ ಬಾಕಿಯನ್ನು ಉಳಿಸಿಕೊಂಡು ಸಾವಿರ ಜನರಿಗೆ ಉಣಬಡಿಸಿದರೂ ಅದು ದಾಸೋಹವೆನಿಸದು. ಅದು ಅವಳಿಂದ ಕೇಳದೆ ಪಡೆದ ಸಾಲವು. ಪಂಕ್ತಿಯು ಏಳುವ ಮುಂಚೆ ಅವಳ ಲೆಕ್ಕವು ಚುಕ್ತಾ ಆಗಿರಲಿ. ಆಗ ಪ್ರಸಾದವು ನಿಜವಾಗಿಯೂ ಪ್ರಸಾದವಾಗುವುದು.